ಚಮನಬೀಯ ಪಥ್ಯ

ಡಾಕ್ಟರ್ ಹಣಮಂತ್ರಾಯರು ಕೆಟ್ಟ ಸುದ್ದಿ ಹೇಳುವ ಮುಂಚೆ ಎರಡು ಸಲ ಕೆಮ್ಮುತ್ತಾರೆ, ಒಳ್ಳೆಯ ಸುದ್ದಿಗೆ ಒಂದೇ ಸಲ. ಸುದ್ದಿ ಯಾವುದೇ ಇರಲಿ, ಕೊನೆಗೆ ಮೂಗಿನಿಂದ ‘ತಿಳೀತಿಲ್ಲೋ?’ ಅನ್ನುವುದು ಮಾತ್ರ ತಪ್ಪುವುದಿಲ್ಲ. ಆ ಕೆಮ್ಮು, ಆ ಮೂಗು ಎರಡನ್ನೂ ನಾನು ಒಂದೇ ವಾರದಲ್ಲಿ ಕಲಿತೆ. ಡಯಾಲಿಸಿಸ್ ಮಷೀನು ಕಲಿಯಲು ಎರಡು ವರ್ಷ ಹಿಡಿದಿತ್ತು.

ಶಹಾಪುರದಲ್ಲಿ ನಮ್ಮದು ಐದು ಮಷೀನುಗಳ ಸಣ್ಣ ಕೇಂದ್ರ. ಮಷೀನು ನೋಡಿಕೊಳ್ಳುವ ಟೆಕ್ನಿಷಿಯನ್ ನಾನು. ಹೆಸರು ಮಲ್ಲು, ಊರು ಕೊಂಕಲ್. ಕಿಡ್ನಿ ಕೈಕೊಟ್ಟವರು ಇಲ್ಲಿಗೆ ಬರುತ್ತಾರೆ, ಬಂದು ಕಿಡ್ನಿಯ ಕೆಲಸಕ್ಕೆ ತಮ್ಮ ಕೈಯನ್ನೇ ಕೊಡುತ್ತಾರೆ. ಕೈಗೆ ಎರಡು ದಪ್ಪ ಸೂಜಿ ಚುಚ್ಚಿ, ಒಂದರಿಂದ ರಕ್ತ ಎಳೆದು, ಸೋಸಿ, ಇನ್ನೊಂದರಿಂದ ವಾಪಸ್ ಬಿಡುವುದು ನಮ್ಮ ಕೆಲಸ. ನಾಲ್ಕು ತಾಸು ಆ ಕೈ ಅಲುಗಾಡುವಂತಿಲ್ಲ. ಛಾವಣಿ ನೋಡಿ ಬೇಸತ್ತವರಿಗಾಗಿ ನಾನು ಒಂದಿಷ್ಟು ದನಿಗಳನ್ನು ಇಟ್ಟುಕೊಂಡಿದ್ದೇನೆ. ಡಾಕ್ಟರ ಕೆಮ್ಮು, ಯಾದಗಿರಿ ಬಸ್ಸಿನ ಕಂಡಕ್ಟರು, ಬಾಗಿಲಲ್ಲಿ ಚಪ್ಪಲಿ ಕಾಯುವ ಅಮಾತೆಪ್ಪನ ಗೊರಕೆ. ಮಷೀನಿನ ಅಲಾರಂ ಕೂಡ ಮಾಡುತ್ತಿದ್ದೆ. ಒಂದು ದಿನ ಸಿಸ್ಟರ್ ಪವಿತ್ರಾ ಊಟದ ಡಬ್ಬಿ ಬಿಟ್ಟು ಎಂಜಲು ಕೈಯಲ್ಲೇ ಓಡಿಬಂದರು. ಅಂದಿನಿಂದ ಅಲಾರಂ ಬಂದ್ ಆಯಿತು.

ಈ ದನಿಗಳಿಗೆ ಅತಿ ಒಳ್ಳೆಯ ಗಿರಾಕಿ ಎಂದರೆ ಫಕ್ರುದ್ದೀನ ಚಾಚಾ. ಸುರಪುರದ ರಂಗಂಪೇಟೆಯಲ್ಲಿ ಅವರದು ಕುಕ್ಕರ್ ರಿಪೇರಿ ಅಂಗಡಿ. ಒಂದೂವರೆ ವರ್ಷದಿಂದ ಪ್ರತಿ ಸೋಮವಾರ, ಗುರುವಾರ ಬಸ್ಸು ಹತ್ತಿ ಬರುತ್ತಾರೆ. ನಾನು ಬಾಯಲ್ಲಿ ಕುಕ್ಕರಿನ ಸೀಟಿ ಹೊಡೆದರೆ, ಒಂದು ಕಣ್ಣು ಮುಚ್ಚಿ ಕೇಳಿ, ಇದು ಐದು ಲೀಟರಿನದು, ಒಳಗೆ ಅಕ್ಕಿಗೆ ನೀರು ಕಮ್ಮಿಯಾಗಿದೆ ಎಂದು ತೀರ್ಪು ಕೊಡುತ್ತಿದ್ದರು.

ಈ ಸಲದ ಸಂಕ್ರಮಣ ಮುಗಿಯುವ ಹೊತ್ತಿಗೆ ಚಾಚಾ ತೀರ್ಪು ಕೊಡುವುದನ್ನು ಬಿಟ್ಟಿದ್ದರು. ಸೀಟಿ ಕೇಳಿ ಸುಮ್ಮನೆ ನಗುತ್ತಿದ್ದರು. ಒಂದು ಗುರುವಾರ, ದೂರು ಹೇಳುವಂತಲ್ಲ, ಹವಾಮಾನ ಹೇಳುವಂತೆ ಹೇಳಿದರು: ಕುಕ್ಕರಿನ ಹಿಡಿಕೆಗೆ ತಿರುಪು ಬಿಗಿಯುವಾಗ ಪಾನಾ ಕೈಯಿಂದ ಜಾರಿತಂತೆ. ಮೂರು ಸಲ ಜಾರಿತಂತೆ. ಕೊನೆಗೆ ಕುಕ್ಕರ್ ತಂದಿದ್ದ ಹೆಂಗಸೇ ಪಾನಾ ಇಸಿದುಕೊಂಡು ಬಿಗಿದು, ಅವರಿಗೊಂದು ಸಲಾಮು ಹೇಳಿ ಹೋದಳಂತೆ.

ನಾನು ಅವರ ತೂಕದ ಚೀಟಿಗಳನ್ನು ತೆಗೆದು ನೋಡಿದೆ. ಕಾಲು ಬಾತಿದ್ದರೂ ತೂಕ ಇಳಿದಿತ್ತು. ಅಂದರೆ ನೀರು ಏರುತ್ತಿತ್ತು, ಮಾಂಸ ಇಳಿಯುತ್ತಿತ್ತು. ರಕ್ತದ ವರದಿಯಲ್ಲಿ ಅಲ್ಬುಮಿನ್ ಎಂಬ ಪ್ರೋಟೀನು ಎರಡು ಪಾಯಿಂಟ್ ಏಳು. ಕನಿಷ್ಠ ಮೂರೂವರೆಯಾದರೂ ಇರಬೇಕಾದದ್ದು. ರಕ್ತದೊಳಗಿನ ನೀರನ್ನು ರಕ್ತದೊಳಗೇ ಹಿಡಿದಿಡುವುದು ಅದು. ಅದು ಕಡಿಮೆಯಾದರೆ ನೀರು ನಾಳದಿಂದ ಜಾರಿ ಕಾಲಿಗೆ ಇಳಿಯುತ್ತದೆ.

ಡಾಕ್ಟರು ವರದಿ ನೋಡಿ ನನ್ನನ್ನು ಹೊರಗೆ ಕರೆದರು. ಎರಡು ಸಲ ಕೆಮ್ಮಿದರು.

“ಉಣ್ಣವಲ್ಲ ಇಂವ. ಮೈ ತನ್ನ ಮಾಂಸಾನ ತಾನೇ ತಿನ್ನಾಕತ್ತದ. ಹಿಂಗೇ ಆದ್ರ ಮಳಿಗಾಲ ನೋಡೂದು ಕಷ್ಟ. ತಿಳೀತಿಲ್ಲೋ?”

ತಿಳಿಯಿತು. ದಿನಕ್ಕೆ ಮೂರು ಮೊಟ್ಟೆಯ ಬಿಳಿ, ಗಟ್ಟಿ ಬೇಳೆ, ವಾರದಲ್ಲಿ ಎರಡು ದಿನ ನಾಲ್ಕು ತುಂಡು ಕೋಳಿ ಎಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಎರಡು ವಾರ ರಜೆ ಹಾಕಿ ಬಳ್ಳಾರಿಗೆ ಮಗಳ ಮದುವೆಗೆ ಹೊರಟರು. ಮಷೀನು ನಿಂತರೆ ಅಥವಾ ರೋಗಿ ನಿಂತರೆ ಮಾತ್ರ ಫೋನು ಮಾಡು ಅಂದರು.

ಮುಂದಿನ ಸೋಮವಾರ ಸೂಜಿ ಹಾಕಿ, ಪಟ್ಟಿ ಸುತ್ತಿ, ಚಾಚಾನ ಪಕ್ಕ ಸ್ಟೂಲು ಎಳೆದು ಕೂತೆ. ಮನೆಯಲ್ಲಿ ಬೇಳೆ ತಿನ್ನುತ್ತೀರೋ ಇಲ್ಲವೋ ಎಂದು ಕೇಳಿದೆ. ದಿನಾ, ಎರಡು ಹೊತ್ತು ಅಂದರು. ನನಗೆ ನಂಬಿಕೆ ಬರಲಿಲ್ಲ. ಹೇಗೆ ತಿನ್ನುತ್ತೀರಿ ಎಂದು ಕೆದಕಿದಾಗ ಹೊರಬಿತ್ತು: ಅವರ ಹೆಂಡತಿ ಚಮನಬೀ ತೊಗರಿ ಬೇಳೆಯನ್ನು ಚೆನ್ನಾಗಿ ಕುದಿಸಿ, ಅಲುಗಿಸದೆ ಇಟ್ಟು, ಮೇಲಿನ ತಿಳಿನೀರನ್ನು ಬಟ್ಟಲಿಗೆ ಬಗ್ಗಿಸಿ ಕೊಡುತ್ತಿದ್ದರು. ನಮ್ಮ ಕಡೆ ಅದನ್ನು ಕಟ್ಟು ಅನ್ನುತ್ತಾರೆ. ಕೂಸಿಗೆ, ಬಾಣಂತಿಗೆ, ಜ್ವರ ಬಿಟ್ಟವರಿಗೆ ಎಲ್ಲ ಮನೆಗಳಲ್ಲೂ ಕೊಡುವುದು ಅದನ್ನೇ. ಬೇಳೆಯ ಸತ್ವವೆಲ್ಲ ನೀರಿಗೆ ಇಳಿಯುತ್ತದೆ, ಕೆಳಗೆ ಉಳಿಯುವುದು ಬರೀ ಜಡ, ವಾಯು ಎಂದು ಎಲ್ಲರ ನಂಬಿಕೆ. ನಮ್ಮವ್ವನೂ ನನಗೆ ಅದನ್ನೇ ಕುಡಿಸಿ ದೊಡ್ಡವನನ್ನಾಗಿ ಮಾಡಿದ್ದೇನೆ ಎಂದುಕೊಂಡಿದ್ದಾಳೆ. ನಿಜವಾಗಿ ನಡೆಯುವುದು ಉಲ್ಟಾ. ನೀರಿಗೆ ಇಳಿಯುವುದು ಬಣ್ಣ, ರುಚಿ, ಒಂದಿಷ್ಟು ಲವಣ. ಪ್ರೋಟೀನು ಮುಕ್ಕಾಲು ಪಾಲು ತಳದಲ್ಲೇ ಕೂತಿರುತ್ತದೆ.

“ಮತ್ತ ತಳದ್ದು ಏನ್ ಮಾಡ್ತಾರ್ರಿ ಚಾಚಿ?”

“ಬಾಜೂ ಮನಿ ಬಾಷುಮಿಯಾನ ಆಡಿಗೆ ಹಾಕ್ತಾಳ.”

ಆ ಆಡನ್ನು ನಾನು ಕಂಡಿಲ್ಲ. ಕಂಡವರು ಹೇಳುವ ಪ್ರಕಾರ ಅದು ಗೋಡೆಗೆ ತಿಕ್ಕಿಕೊಂಡರೆ ಗೋಡೆ ಅಲುಗುತ್ತದೆ. ಅದರ ಅಲ್ಬುಮಿನ್ ಐದಕ್ಕೆ ಕಡಿಮೆ ಇರಲಾರದು. ಹೊರಗೆ ರಸ್ತೆಯ ಮೇಲೆ ಯಾದಗಿರಿಯ ಮಿಲ್ಲುಗಳಿಗೆ ಹೋಗುವ ತೊಗರಿ ಲಾರಿಗಳು ಸಾಲುಗಟ್ಟಿದ್ದವು, ಒಳಗೆ ತೊಗರಿ ನಾಡಿನ ಮನುಷ್ಯ ತೊಗರಿಯ ತಿಳಿನೀರು ಕುಡಿದು ಕರಗುತ್ತಿದ್ದ.

ನಾನು ತಿಳಿಸಿ ಹೇಳಲು ನೋಡಿದೆ. ಪ್ರೋಟೀನು ಎಂದರೆ ಒಂದು ವಸ್ತುವಲ್ಲ, ಇಪ್ಪತ್ತು ನಮೂನೆಯ ಬಿಡಿಭಾಗಗಳನ್ನು ಪೋಣಿಸಿ ಮೈ ಅದನ್ನು ಕಟ್ಟಿಕೊಳ್ಳುತ್ತದೆ, ಆ ಭಾಗಗಳಿಗೆ ಅಮೈನೋ ಆ್ಯಸಿಡ್ ಅನ್ನುತ್ತಾರೆ ಅಂದೆ.

“ನಮ್ಮ ಓಣ್ಯಾಗ ಅಮೀನಾ ಅಂತ ಒಬ್ಬಾಕಿ ಅದಾಳ. ಆಕಿ ಬಾಯಾಗೂ ಆ್ಯಸಿಡ್ಡೇ,” ಅಂದರು ಚಾಚಾ.

ಇಪ್ಪತ್ತರಲ್ಲಿ ಹನ್ನೊಂದನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆ. ಉಳಿದ ಒಂಬತ್ತು ಊಟದಿಂದಲೇ ಬರಬೇಕು. ಜೋಳದ ರೊಟ್ಟಿಯಲ್ಲಿ ಒಂದು ಭಾಗ ಕಡಿಮೆ, ಅದು ಬೇಳೆಯಲ್ಲಿ ಧಾರಾಳ. ಬೇಳೆಯಲ್ಲಿ ಇನ್ನೊಂದು ಕಡಿಮೆ, ಅದು ಜೋಳದಲ್ಲಿದೆ. ನಮ್ಮ ಹಿಂದಿನವರು ಯಾವ ಪುಸ್ತಕವನ್ನೂ ಓದದೆ ರೊಟ್ಟಿಗೆ ಬೇಳೆ ಕೂಡಿಸಿದ್ದರು. ಮೊಟ್ಟೆಯಲ್ಲಂತೂ ಒಂಬತ್ತೂ ಅಳತೆಗೆ ಸರಿಯಾಗಿವೆ. ಚಾಚಾ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಅದನ್ನೆಲ್ಲ ತಮ್ಮ ಅಂಗಡಿಗೆ ಸಾಗಿಸಿದರು. ಹಿಡಿಕೆ, ತಿರುಪು, ವಾಷರ್ ಇಲ್ಲಿಯೇ ಮಾಡಬಹುದು. ಗ್ಯಾಸ್ಕೆಟ್ ಮಾತ್ರ ಕಂಪನಿಯಿಂದಲೇ ಬರಬೇಕು. ಅದೊಂದು ಇಲ್ಲದಿದ್ದರೆ ಉಳಿದದ್ದೆಲ್ಲ ಎಷ್ಟೇ ಇದ್ದರೂ ಕುಕ್ಕರು ಬರೀ ಪಾತ್ರೆ. ನನ್ನ ಮೂರು ವರ್ಷದ ಬಿ.ಎಸ್ಸಿ.ಯನ್ನು ಅವರು ಮೂರು ಮಾತಿನಲ್ಲಿ ಮುಗಿಸಿದರು.

ಮುಗಿಯದೆ ಉಳಿದದ್ದು ಚಮನಬೀಯನ್ನು ಒಪ್ಪಿಸುವುದು. ಆಕೆ ಅಡುಗೆಮನೆಯ ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ನಾಲ್ಕೂವರೆ ವರ್ಷದ ಹಿಂದೆ ಕಲಬುರಗಿಯಲ್ಲಿ ಕೊಟ್ಟದ್ದು, ಚಾಚಾನ ಕಿಡ್ನಿ ಅರ್ಧ ಕೆಲಸ ಮಾಡುತ್ತಿದ್ದಾಗಿನದು. ಮಾಂಸ ಬೇಡ, ಮೊಟ್ಟೆ ಬೇಡ, ಉಪ್ಪು ಕಮ್ಮಿ, ಬೇಳೆ ಒಂದೇ ಸಣ್ಣ ಬಟ್ಟಲು. ಆಗ ಅದು ಸರಿಯಾದ ಪಟ್ಟಿ. ತಿಂದ ಪ್ರೋಟೀನಿನ ಕಸವನ್ನು ಹೊರಹಾಕುವುದು ಕಿಡ್ನಿಯ ಕೆಲಸ. ಕಿಡ್ನಿ ಸೋತಾಗ ಕಸವನ್ನೇ ಕಡಿಮೆ ಮಾಡಬೇಕು. ಚಮನಬೀ ಪಟ್ಟಿಗಿಂತ ಒಂದು ಗೆರೆ ಮುಂದೆಯೇ ನಿಂತರು: ಬೇಳೆಯ ಬದಲು ಕಟ್ಟು. ಗಂಡ ತಿನ್ನದ್ದನ್ನು ತಾವೂ ತಿನ್ನಲಿಲ್ಲ. ಬಕ್ರೀದಿಗೆ ನೆಂಟರ ಮನೆಗಳಿಂದ ಬರುವ ಮಾಂಸದ ಪಾಲನ್ನು ಹೊಸ್ತಿಲು ದಾಟಿಸದೆ, ಅಲ್ಲಿಂದಲೇ ಹಂಚಿಬಿಡುತ್ತಿದ್ದರಂತೆ. ಮೂರು ವರ್ಷ ಮಷೀನನ್ನು ಬಾಗಿಲಾಚೆ ನಿಲ್ಲಿಸಿದ್ದು ಆ ಪಟ್ಟಿಯೇ ಎಂದು ಆಕೆ ನಂಬಿದ್ದರು. ಅದು ತಪ್ಪು ನಂಬಿಕೆಯೇನೂ ಅಲ್ಲ.

ಆದರೆ ಮಷೀನು ಹತ್ತಿದ ದಿನ ಲೆಕ್ಕ ತಿರುಗುತ್ತದೆ. ಸೋಸುವ ಜರಡಿಗೆ ವಿವೇಕ ಇಲ್ಲ. ಸಣ್ಣದೆಲ್ಲ ಅದರ ತೂತಿನಿಂದ ಹೊರಗೆ. ಕಸವೂ ಸಣ್ಣದು, ಅಮೈನೋ ಆಮ್ಲವೂ ಸಣ್ಣದು. ನಾಲ್ಕು ತಾಸಿಗೆ ಒಂದು ಮೊಟ್ಟೆಯಲ್ಲಿ ಇರುವಷ್ಟು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಹೊಲಸು ನೀರಿನ ಜೊತೆ ಮೋರಿಗೆ ಹೋಗುತ್ತದೆ. ಕಳೆದದ್ದನ್ನು ತಿಂದು ತುಂಬಬೇಕು. ಇದನ್ನು ಒಂದೂವರೆ ವರ್ಷದ ಹಿಂದೆಯೇ ಡಾಕ್ಟರು ಚಾಚಾನಿಗೆ ಹೇಳಿ, ಇಂಗ್ಲಿಷಿನಲ್ಲಿ ಒಂದು ಕಾಗದವನ್ನೂ ಕೊಟ್ಟಿದ್ದರು, ಚಾಚಾ ಹೆಂಡತಿಗೆ ಹೇಳಿದ್ದರು. ಆಕೆ ನಂಬಿರಲಿಲ್ಲ. ಯಾಕೆಂದರೆ ಪಟ್ಟಿಯ ಕಾಲದಲ್ಲಿ ಚಾಚಾ ಎರಡು ಸಲ ಬಜಾರದಲ್ಲಿ ಕಬಾಬು ತಿಂದು ಸಿಕ್ಕಿಬಿದ್ದು, ಎರಡೂ ಸಲ ‘ಡಾಕ್ಟರೇ ತಿನ್ನು ಅಂದಾರ’ ಎಂದು ಆಣೆ ಇಟ್ಟಿದ್ದರು.

ನಾನು ಅಂದು ಬೆಳಗ್ಗೆಯೇ, ಚಾಚಾ ಬರುವ ಮುಂಚೆ, ಡಾಕ್ಟರ ಚೀಟಿ ಹಿಡಿದು ನನ್ನ ಸ್ವಂತ ದನಿಯಲ್ಲಿ ಅವರ ಮನೆಗೆ ಫೋನು ಮಾಡಿ ನೋಡಿದ್ದೆ. ಚಮನಬೀ ತಾಳ್ಮೆಯಿಂದ ಎಲ್ಲ ಕೇಳಿದರು. “ಮಲ್ಲು ಬೇಟಾ, ನೀ ದವಾಖಾನ್ಯಾಗ ನಕಲಿ ಮಾಡಿ ನಗಸ್ತಿ ಅಂತ ಇವರು ಮನಿಗೆ ಬಂದು ಹೇಳ್ತಾರ. ಛಲೋ ಅದ. ಆದ್ರ ಇವರ ನಾಲಿಗಿ ಚಪಲಕ್ಕ ನೀ ಸಾಥ್ ಕೊಡಬ್ಯಾಡ,” ಅಂದರು. ಅಷ್ಟೇ. ಬೈಯಲೂ ಇಲ್ಲ.

“ಆಕಿ ಡಾಕ್ಟರ್ ಮಾತ್ ಒಂದೇ ಕೇಳ್ತಾಳ,” ಅಂದರು ಚಾಚಾ. “ನೀ ಒಂದ್ ಸಲ ಡಾಕ್ಟರ್ ಆಗಿಬಿಡಪಾ.”

ಪವಿತ್ರಾ ದೂರದಿಂದಲೇ ಬೇಡ ಎಂದು ತಲೆ ಅಲ್ಲಾಡಿಸಿದರು. ಡಾಕ್ಟರು ಬರಲು ಇನ್ನೂ ಹನ್ನೆರಡು ದಿನ, ಬಂದ ಮೇಲೆ ಹೇಳಿಸೋಣ ಅಂದರು. ಹನ್ನೆರಡು ದಿನದಲ್ಲಿ ಮೂರು ಸಲ ಮಷೀನು, ಮೂರು ಸಲ ಸತ್ವ ಮೋರಿಗೆ. ನಾನು ನನಗೇ ಒಂದು ವಾದ ಹೂಡಿಕೊಂಡೆ. ಮಾತು ಡಾಕ್ಟರದೇ, ಚೀಟಿ ಡಾಕ್ಟರದೇ, ಗಂಟಲು ಮಾತ್ರ ನನ್ನದು. ಚೀಟಿ ಓದಿ ಹೇಳುವವನು ಯಾವ ಗಂಟಲಲ್ಲಿ ಓದಿದರೇನು? ವಾದ ಗಟ್ಟಿಯಾಗಿತ್ತು. ಅದರೊಳಗೆ ನನ್ನ ಕಲೆ ತೋರಿಸುವ ಚಪಲವೂ ಇತ್ತು. ಚಾಚಾನ ನಾಲಿಗೆಗೆ ಚಪಲ ಎಂದವರು ನನ್ನ ನಾಲಿಗೆ ನೋಡಿರಲಿಲ್ಲ.

ಕೇಂದ್ರದ ಫೋನಿನಿಂದ ಹಚ್ಚಿ, ಚಾಚಾಗೂ ಕೇಳಲಿ ಎಂದು ಸ್ಪೀಕರ್ ಒತ್ತಿದೆ. ಒಂದೇ ಸಲ ಕೆಮ್ಮಿ, ‘ಡಾಕ್ಟರ್ ಹಣಮಂತ್ರಾಯ ಮಾತಾಡಾಕತ್ತೀನಿ’ ಅಂದೆ.

ಚಮನಬೀ ಮನೆಯಲ್ಲಿ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಡುತ್ತಾರೆ. ಬಡಿಯುವ ಸದ್ದು ತಟ್ಟನೆ ನಿಂತಿತು. ಸಲಾಮ್ ಡಾಕ್ಟರ್ ಸಾಬ್ ಅಂದರು, ದನಿ ಎದ್ದುನಿಂತ ಹಾಗಿತ್ತು. ನಾನು ಮೂಗಿನಿಂದ ಚೀಟಿಯನ್ನೆಲ್ಲ ಹೇಳಿದೆ. ಆಕೆ ಒಂದೊಂದನ್ನೂ ತಿರುಗಿ ಹೇಳಿ ಗಟ್ಟಿ ಮಾಡಿಕೊಂಡರು. ತತ್ತಿಯ ಬಿಳಿ ಮೂರು, ಹಳದಿ ಬೇಡ. ಬೇಳೆಯ ನೀರಲ್ಲ, ಬೇಳೆ. ಚಾಚಾ ಹಾಸಿಗೆಯಲ್ಲಿ ಹಲ್ಲು ಬಿಟ್ಟು ನನಗೆ ಹೆಬ್ಬೆರಳು ತೋರಿಸಿದರು. ನಾನು ‘ತಿಳೀತಿಲ್ಲೋ’ ಹಾಕಿ ಮುಗಿಸುವವನಿದ್ದೆ.

“ಸಾಬ್, ಒಂದ್ ಮಾತ್ ಕೇಳ್ಲೇನ್ರಿ? ಅವರ ಮುಂದ ಕೇಳಾಕ ಆಗಿಲ್ಲ ನನಗ.”

ನಾನು ಹೂಂ ಅಂದೆ. ಅನ್ನಬಾರದಿತ್ತು.

“ಹೋದ ವರ್ಷದ ಹಿಂದಿನ ಬಕ್ರೀದಿಗೆ ತಂಗಿ ಮನಿಯಿಂದ ಗೋಶ್ತ್ ಬಂದಿತ್ರಿ. ಎಲ್ಲಾ ಹಂಚಿದೆ. ತಾಟಿನಾಗ ಒಂದು ತುಂಡು ಉಳೀತು. ಇವರು ಅದನ್ನ ನೋಡಿ ಮಾರಿ ಆ ಕಡಿ ಮಾಡಿಕೊಂಡ್ರು. ನನಗ ತಡೀಲಿಲ್ರಿ. ನನ್ನ ಕೈಲೇ ಅವರ ಬಾಯಾಗ ಇಟ್ಟೆ. ನಲವತ್ತು ದಿನಕ್ಕ ಮಷೀನ್ ಹತ್ತಿದ್ರು. ಆ ತುಂಡಿನಿಂದ ಆತೇನ್ರಿ?”

ಇಲ್ಲ ಎನ್ನುವುದು ನನಗೆ ಗೊತ್ತಿತ್ತು. ಒಂದು ತುಂಡು ಮಾಂಸಕ್ಕೆ ಕಿಡ್ನಿ ಹೋಗುವುದಿಲ್ಲ. ಚಾಚಾನ ಕಿಡ್ನಿಯನ್ನು ಇಪ್ಪತ್ತು ವರ್ಷದ ಬಿ.ಪಿ. ತಿಂದಿತ್ತು. ಡಾಕ್ಟರ ಮೂಗಿನಿಂದ ಎರಡಕ್ಷರ ಹೇಳಿದ್ದರೆ ಸಾಕಿತ್ತು. ಆದರೆ ಆಕೆ ಒಂದೂವರೆ ವರ್ಷ ಯಾರಿಗೂ ಹೇಳದೆ ಹೊತ್ತದ್ದನ್ನು ನನ್ನೆದುರು ಇಳಿಸಿರಲಿಲ್ಲ. ನಾನು ಇನ್ನೊಬ್ಬರ ಕುರ್ಚಿಯಲ್ಲಿ ಕೂತು ಅದನ್ನು ಇಸಿದುಕೊಂಡಿದ್ದೆ. ಇನ್ನು ನಾನು ಏನು ಹೇಳಿದರೂ ಅದು ಕಳವಿನ ಮಾಲಿಗೆ ರಸೀದಿ ಬರೆದಂತೆ. ಹಾಸಿಗೆಯ ಕಡೆ ನೋಡಲು ನನಗೆ ಧೈರ್ಯ ಸಾಲಲಿಲ್ಲ.

“ಚಾಚಿ, ನಾ ಡಾಕ್ಟರಲ್ಲ. ಮಲ್ಲು,” ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಆ ಕಡೆ ತವೆಯ ಮೇಲೆ ರೊಟ್ಟಿ ಸೀಯುವ ಚಿಟಿಚಿಟಿ ಸದ್ದು. ಆಮೇಲೆ ಫೋನು ಕಟ್ಟಾಯಿತು.

ಚಾಚಾ ಗೋಡೆಯ ಕಡೆ ಹೊರಳಿದ್ದರು. ಹೊರಳಿದ ರಭಸಕ್ಕೆ ಸೂಜಿಯ ಕೈ ಮಡಚಿ, ಮಷೀನಿನ ಅಲಾರಂ ಹೊಡೆದುಕೊಳ್ಳತೊಡಗಿತು. ಪವಿತ್ರಾ ಕುಳಿತಲ್ಲಿಂದಲೇ, ಮಲ್ಲು ಸಾಕು ಮಾಡು ಅಂದರು. ಅದು ನಾನಲ್ಲ, ನಿಜವಾದ ಅಲಾರಂ ಎಂದು ಅವರಿಗೆ ತಿಳಿಯುವಷ್ಟರಲ್ಲಿ ನಾನು ಕೈ ನೇರ ಮಾಡಿ, ಪೈಪು ಸರಿಪಡಿಸಿ ಆಗಿತ್ತು. ಮುಂದಿನ ಎರಡು ತಾಸು ಕೇಂದ್ರದಲ್ಲಿ ಮಷೀನುಗಳು ಮಾತ್ರ ಮಾತಾಡಿದವು.

ಮೂರನೆಯ ತಾಸಿಗೆ ಚಮನಬೀ ಬಾಗಿಲಲ್ಲಿ ನಿಂತಿದ್ದರು. ಒಂದೂವರೆ ವರ್ಷದಲ್ಲಿ ಮೊದಲ ಸಲ ಬಂದದ್ದು. ರೊಟ್ಟಿಯ ಕೆಲಸ ಬಿಟ್ಟು ಅವರಿಗೆ ಹಗಲು ಪುರುಸೊತ್ತಿಲ್ಲ. ಬುರ್ಖಾದ ತೋಳಿನ ಅಂಚಿಗೆ ಜೋಳದ ಹಿಟ್ಟು ಹತ್ತಿತ್ತು. ಮಣಿಕಟ್ಟು ಎಷ್ಟು ಸಣ್ಣದಿತ್ತೆಂದರೆ ಬಳೆ ಮೊಣಕೈವರೆಗೆ ಸರಿದಿತ್ತು. ಗಂಡ ತಿನ್ನದ್ದನ್ನು ನಾಲ್ಕೂವರೆ ವರ್ಷ ತಾನೂ ತಿನ್ನದ ಹೆಂಗಸಿನ ಅಲ್ಬುಮಿನ್ನನ್ನು ಯಾರೂ ಅಳೆದಿರಲಿಲ್ಲ. ಕೈಯಲ್ಲಿ ಗೋಡೆಯಿಂದ ಕಿತ್ತು ತಂದ ಪಟ್ಟಿ, ಮೂಲೆಗಳಲ್ಲಿ ಸುಣ್ಣ ಅಂಟಿತ್ತು.

ಚಾಚಾನ ಕಡೆ ನೋಡಲಿಲ್ಲ. ನೆಟ್ಟಗೆ ಪವಿತ್ರಾರ ಹತ್ತಿರ ಹೋಗಿ, ಇಲ್ಲಿ ಖರೇ ಹೇಳುವವರು ಯಾರು ಎಂದು ಕೇಳಿದರು. ಮಲ್ಲು ಹೇಳಿದ ಮಾತು ಖರೇ ಇದೆ, ಹೇಳಿದ ರೀತಿ ಸುಳ್ಳು ಅಂದರು ಪವಿತ್ರಾ. ಚಮನಬೀ ಆ ಮಾತನ್ನು ತೂಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಡಾಕ್ಟರಿಗೆ ಫೋನ್ ಹಚ್ಚು.”

ಮಷೀನು ನಿಂತಿರಲಿಲ್ಲ, ರೋಗಿಯೂ ನಿಂತಿರಲಿಲ್ಲ. ನಾನು ನಿಂತಿದ್ದೆ. ಸ್ಪೀಕರಿನಲ್ಲೇ ಹಚ್ಚಿದೆ. ಗಂಟೆ ಹೋಗುತ್ತಿರುವಾಗ ಆಕೆ ಮೇಜಿನ ಮೇಲಿನ ನೀರಿನ ಬಾಟಲಿ ನನ್ನ ಕೈಗೆ ಕೊಟ್ಟರು.

“ಬಾಯಿ ತುಂಬ ನೀರ್ ತುಂಬಕೊ. ನುಂಗಬ್ಯಾಡ. ನನ್ನ ಮುಂದ ನಿಂದ್ರು.”

ಹೀಗೆ ಗಲ್ಲ ಉಬ್ಬಿಸಿಕೊಂಡು ನಾನು ಆಕೆಯ ಎದುರು ನಿಂತೆ. ಆಚೆಯಿಂದ ಮದುವೆಯ ಬ್ಯಾಂಡು, ಅದರ ನಡುವೆ ಏನಾಯಿತು ಎಂಬ ಡಾಕ್ಟರ ಗಾಬರಿ. ಚಮನಬೀ ಫೋನಿಗೆ ಕಿವಿ ಕೊಟ್ಟು, ಕಣ್ಣನ್ನು ನನ್ನ ಗಲ್ಲದ ಮೇಲೆ ಇಟ್ಟಿದ್ದರು. ತಾವು ಯಾರೆಂದು ಹೇಳಿದರು. ಇಂದು ಬೆಳಗ್ಗೆ ನಿಮ್ಮ ದನಿಯೇ ನನಗೆ ಹೀಗೆ ಹೀಗೆ ಹೇಳಿತು, ಅದು ನೀವಲ್ಲವಂತೆ, ಮಲ್ಲು ಅಂತೆ ಅಂದರು. ಡಾಕ್ಟರು ಬ್ಯಾಂಡಿನಿಂದ ದೂರ ಸರಿದದ್ದು ಕೇಳಿಸಿತು. ಕೆಮ್ಮಲು ಮರೆತರು.

“ಅಂವ ಹೇಳಿದ್ದು ಸರಿ ಅದವಾ. ಬಾಯಿ ತಪ್ಪು. ಅವನ್ನ ನಾ ಬಂದು ನೋಡ್ತೀನಿ,” ಅಂದರು. ನನ್ನ ಬಾಯಲ್ಲಿ ನೀರು ಬಿಸಿಯಾಯಿತು.

ಆಮೇಲೆ ಅವರು ನಿಧಾನಕ್ಕೆ ಹೇಳಿದರು. ಮಷೀನು ಹತ್ತುವ ತನಕ ಆ ಪಟ್ಟಿ ಸರಿ ಇತ್ತು, ಅದನ್ನು ಅಷ್ಟು ಕಟ್ಟುನಿಟ್ಟಾಗಿ ನಡೆಸಿದ ಮನೆಯನ್ನು ತಾನು ಕಂಡಿಲ್ಲ. ಹತ್ತಿದ ದಿನವೇ ಅದನ್ನು ಹರಿದು ಬೇರೆ ಪಟ್ಟಿ ಕೊಡಬೇಕಿತ್ತು. ಕಾಗದದಲ್ಲಿ ಇಂಗ್ಲಿಷಿನಲ್ಲಿ ಬರೆದು ಗಂಡನ ಕಿಸೆಗೆ ಹಾಕಿ ಕಳಿಸಿದ್ದು ತನ್ನ ತಪ್ಪು. ಮಷೀನು ಹೊಲಸಿನ ಜೊತೆ ಸತ್ವವನ್ನೂ ಎಳೆದುಕೊಳ್ಳುತ್ತದೆ, ಈಗ ಪಥ್ಯ ಎಂದರೆ ಬಿಡುವುದಲ್ಲ, ತಿನ್ನುವುದು.

“ನಾ ಮಾಡಿದ್ದು ನಾನೇ ತಿರಗಾ ಮುರಗಾ ಮಾಡಬೇಕಲ್ರಿ,” ಅಂದರು ಚಮನಬೀ.

“ಹೌದವಾ. ನಿಮ್ಮಷ್ಟು ಗಟ್ಟಿ ಮಂದಿಗೆ ಅದೇನ್ ದೊಡ್ಡದಲ್ಲ.”

ಆಕೆ ಸ್ಪೀಕರ್ ಯಾವ ಗುಂಡಿ ಎಂದು ಪವಿತ್ರಾರನ್ನು ಕೇಳಿ, ಅದನ್ನು ಬಂದ್ ಮಾಡಿಸಿಕೊಂಡು, ಫೋನು ಹಿಡಿದು ಹೊರಗಿನ ಪಡಸಾಲೆಗೆ ಹೋದರು. ನಮಗೆ ಬೆನ್ನು ಮಾಡಿ ನಿಂತರು. ಏನು ಕೇಳಿದರು, ಏನು ಕೇಳಿಸಿಕೊಂಡರು ನಮಗೆ ತಿಳಿಯಲಿಲ್ಲ. ತಿಳಿಯುವ ಹಕ್ಕೂ ಇರಲಿಲ್ಲ. ಒಮ್ಮೆ ತೋಳಿನಿಂದ ಮುಖ ಒರೆಸಿಕೊಂಡದ್ದು ಕಂಡಿತು. ನಾನು ಅಷ್ಟೂ ಹೊತ್ತು ನೀರು ನುಂಗಲಿಲ್ಲ. ಒಳಗೆ ಬಂದವರು ಫೋನು ಕೊಟ್ಟು, ಉಗುಳಿ ಬಾ ಅಂದರು.

ಉಗುಳಿ ಬಂದು, ತಪ್ಪಾಯಿತು ಚಾಚಿ ಅಂದೆ.

“ನಿನ್ನ ದನಿ ಛಲೋ ಅದ,” ಅಂದರು ಆಕೆ. “ಇನ್ ಮುಂದ ನನ್ನ ಕೂಡ ಅದರಾಗೇ ಮಾತಾಡು.”

ನಾಲ್ಕು ತಾಸು ಮುಗಿಯಿತು. ಸೂಜಿ ತೆಗೆದು, ತೂತಿನ ಮೇಲೆ ಹತ್ತಿಯಿಟ್ಟು, ಇನ್ನೊಂದು ಕೈಯಿಂದ ಹದಿನೈದು ನಿಮಿಷ ಒತ್ತಿ ಹಿಡಿಯಿರಿ ಎಂದು ಚಾಚಾನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿದೆ. ಚಮನಬೀ ಕಾಣಲಿಲ್ಲ. ಬಸ್ ನಿಲ್ದಾಣದ ಕಡೆಯಿಂದ ಬಂದಾಗ ಅವರ ಕೈಯಲ್ಲಿ ಪತ್ರಿಕೆಯ ಪೊಟ್ಟಣ, ಅದರೊಳಗೆ ಕುದಿಸಿದ ಎರಡು ಮೊಟ್ಟೆ. ಗಾಡಿಯವನು ಉಪ್ಪು ಖಾರ ಹಾಕಬಂದ, ಬೇಡ ಅಂದೆ ಎಂದರು. ಆ ಮಟ್ಟಿಗೆ ಹಳೆಯ ಪಟ್ಟಿ ಇನ್ನೂ ನಡೆಯುತ್ತಿತ್ತು. ಬೆಂಚಿನ ತುದಿಗೆ ಕೂತು ಸಿಪ್ಪೆ ಸುಲಿದರು. ರೊಟ್ಟಿ ಬಡಿದು ಗಟ್ಟಿಯಾದ ಬೆರಳುಗಳು, ಮೊಟ್ಟೆಯನ್ನು ಮಾತ್ರ ಕೂಸು ಹಿಡಿದಂತೆ ಹಿಡಿದಿದ್ದವು. ನಡುವೆ ಸೀಳಿ, ಹಳದಿ ಗುಂಡನ್ನು ಇಡಿಯಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡು, ಬಿಳಿಯ ತುಣುಕನ್ನು ಗಂಡನ ಬಾಯ ಹತ್ತಿರ ತಂದರು. ಚಾಚಾನ ಎರಡೂ ಕೈ ಕೆಲಸದಲ್ಲಿದ್ದವು.

ಚಾಚಾ ಬಾಯಿ ತೆರೆಯಲಿಲ್ಲ. ಅವರಿಬ್ಬರೂ ತಮ್ಮೊಳಗೆ ಮಾತಾಡುವುದು ದಖ್ಖನಿಯಲ್ಲಿ. ನನಗೆ ಅರ್ಥವಾಗುವಷ್ಟು ಬರುತ್ತದೆ. ಆ ಬಕ್ರೀದಿನ ದಿನ ಒಂದು ತುಂಡಲ್ಲ ಅಂದರು ಚಾಚಾ. ಮಸೀದಿಯಿಂದ ಬರುವಾಗ ನಿನ್ನ ತಂಗಿಯ ಮನೆಯಲ್ಲಿ ಎರಡು ತಾಟು ತಿಂದಿದ್ದೆ. ನಿನ್ನ ತುಂಡು ನೋಡಿ ಮುಖ ತಿರುಗಿಸಿದ್ದು ಆಸೆಗಲ್ಲ, ಹೊಟ್ಟೆಯಲ್ಲಿ ಜಾಗ ಇರಲಿಲ್ಲ.

ಚಮನಬೀ ಅವರನ್ನು ನೋಡಿದರು. ನಾನು ಬೈಗುಳಕ್ಕೆ ಕಾದೆ. ಅವರ ತುಟಿ ಒಮ್ಮೆ ಬಿಗಿಯಿತು, ಸಡಿಲಾಯಿತು, ಆಮೇಲೆ ಬುರ್ಖಾದೊಳಗೆ ಭುಜ ಅಲುಗತೊಡಗಿತು. ನಗುವೋ ಅಳುವೋ ನಾನು ಖಚಿತವಾಗಿ ಹೇಳಲಾರೆ. ಆ ದನಿಯನ್ನು ನಾನು ಇದುವರೆಗೆ ಅನುಕರಿಸಲು ನೋಡಿಲ್ಲ. ಅದು ನಿಂತ ಮೇಲೆ ಮೊಟ್ಟೆಯ ಬಿಳಿಯನ್ನು ಗಂಡನ ಬಾಯಿಗೆ ತುರುಕಿದರು.

ಅಂಗೈಯಲ್ಲಿ ಹಳದಿ ಉಳಿದಿತ್ತು. ಅದನ್ನು ಏನು ಮಾಡಬೇಕು ಎನ್ನುವಂತೆ ನನ್ನ ಕಡೆ ನೋಡಿದರು. ಅವರಿಗೆ ಬೇಡ ಚಾಚಿ, ಕಿಡ್ನಿ ಸರಿ ಇದ್ದವರಿಗೆ ಒಳ್ಳೆಯದು ಅಂದೆ. ಸುತ್ತ ನಾಯಿಯೂ ಇರಲಿಲ್ಲ, ಆಡೂ ಇರಲಿಲ್ಲ. ಆಕೆ ಬಹಳ ಹೊತ್ತು ಆ ಹಳದಿಯನ್ನು ನೋಡಿ, ಬಾಯಿಗೆ ಹಾಕಿಕೊಂಡರು. ಮರೆತ ಕೆಲಸ ನೆನಪು ಮಾಡಿಕೊಳ್ಳುವವರಂತೆ ನಿಧಾನವಾಗಿ ಅಗಿದರು. ಚಾಚಾ ತಾವು ಅಗಿಯುವುದನ್ನು ನಿಲ್ಲಿಸಿ, ಹೆಂಡತಿ ತಿನ್ನುವುದನ್ನೇ ನೋಡುತ್ತಾ ಕೂತಿದ್ದರು.

“ನನ್ನ ಏನ್ ನೋಡ್ತೀರಿ,” ಅಂದರು ಚಮನಬೀ, ಈ ಸಲ ಕನ್ನಡದಲ್ಲಿ, ನನಗೂ ಕೇಳಲಿ ಎನ್ನುವ ಹಾಗೆ. ಎರಡನೆಯ ಮೊಟ್ಟೆಯನ್ನು ಬೆಂಚಿನ ಅಂಚಿಗೆ ಕುಟ್ಟಿದರು. “ನುಂಗ್ರಿ. ಇನ್ನೊಂದು ಅದ.”